ಹಾಡಿನೊಳಗಿನ ಖಾಲಿ ಮಣೆ

ನನಗೆ ಕಂಠವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಗಳ ಎರಡನೇ ಮದುವೆಯಲ್ಲಿ ಧಾರೆ ಎರೆಯುತ್ತ ನಾನು ಗಂಟಲು ಹರಿದುಕೊಂಡದ್ದನ್ನು ನೋಡಿದ ನೆಂಟರು, ಆವತ್ತು ನನಗೆ ತಲೆ ಕೆಟ್ಟಿತ್ತು ಅಂತ ಇವತ್ತಿಗೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅರಸೀಕೆರೆ ಕಡೆಯ ನಮ್ಮ ಊರಿನಲ್ಲಿ ನನ್ನ ಮೂಗಿನ ತುದಿಯ ಕೋಪ ಯಾರಿಗೂ ಹೊಸದಲ್ಲ. ಆದರೆ ಆವತ್ತಿನದು ಕೋಪವಾಗಿರಲಿಲ್ಲ. ಅದು ಕಿರುಚಾಟವೂ ಆಗಿರಲಿಲ್ಲ, ಹಾಡಾಗಿತ್ತು. ನನ್ನ ಗಂಟಲಲ್ಲಿ ಹಾಡು ಹಾಗೇ ಹೊರಡುವುದು, ಏನು ಮಾಡಲಿ?

ಹಾಡುಗಾರ್ತಿ ಅಂದರೆ ನಮ್ಮ ಅಕ್ಕ. ಸ್ವಂತ ಅಕ್ಕನಲ್ಲ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಈ ಮನೆಗೆ ಬಂದಾಗ ಸುತ್ತಲಿನ ಊರುಗಳ ಮದುವೆಗಳಿಗೆಲ್ಲ ಅವಳಿಗೆ ಕರೆ ಬರುತ್ತಿತ್ತು. ಚಪ್ಪರದಲ್ಲಿ ಅವಳು ಕೂತು ಸೆರಗು ಸರಿಮಾಡಿಕೊಂಡು ಗಂಟಲು ಸವರಿಕೊಂಡರೆ ಅಡುಗೆಯವರೂ ಸೌಟು ಕೆಳಗಿಡುತ್ತಿದ್ದರು. ನನ್ನಂಥ ಒರಟು ಗಂಟಲಿನವರಿಗೆ ಅವಳು ಕೊಟ್ಟಿದ್ದ ಕೆಲಸ ಸೊಲ್ಲು ಹಿಡಿಯುವುದು. ಅವಳು ಒಂದು ಸಾಲು ಹೇಳಿದರೆ ನಾವೆಲ್ಲ ಸೇರಿ ಅದನ್ನೇ ತಿರುಗಿ ಹೇಳಬೇಕು. ಗುಂಪಿನಲ್ಲಿ ನನ್ನ ದನಿ ಮುಚ್ಚಿಹೋಗುತ್ತದೆ ಅನ್ನುವುದು ಅವಳ ಲೆಕ್ಕಾಚಾರ.

ಅವಳು ಯಾವತ್ತೂ ‘ಕಲಿಸ್ತೀನಿ ಬನ್ರೇ’ ಅಂದವಳಲ್ಲ. ಅವರೆಕಾಯಿ ಕಾಲದಲ್ಲಿ ಹಿಂದಿನ ಪಡಸಾಲೆಯಲ್ಲಿ ನೆನೆದ ಕಾಳಿನ ಪಾತ್ರೆಯ ಸುತ್ತ ಓಣಿಯ ಹೆಂಗಸರು ಕೂರುತ್ತಿದ್ದೆವು. ಕಾಳು ಹಿಸುಕುತ್ತ ಯಾರದೋ ಸೊಸೆಯ ಸುದ್ದಿ, ಯಾರದೋ ಹಸುವಿನ ಸುದ್ದಿ ನಡೆದಿರುವಾಗಲೇ ಅವಳ ಬಾಯಲ್ಲಿ ಹಾಡು ಶುರುವಾಗಿರುತ್ತಿತ್ತು. ನಾವು ಹಿಡಿಯುತ್ತಿದ್ದೆವು. ತಪ್ಪಿದರೆ ಅವಳು ಹಾಡು ನಿಲ್ಲಿಸಿ ಉಪದೇಶ ಮಾಡುವವಳಲ್ಲ. ಒದ್ದೆ ಕೈಯಿಂದ ನಮ್ಮ ಮಂಡಿಯ ಮೇಲೆ ಒಂದು ಏಟು. ರಾಗ ಜಾರಿತು ಅಂತ ಅರ್ಥ. ಪಟಪಟ ಎರಡು ಏಟು ಬಿದ್ದರೆ ಬಾಯಿ ಮುಚ್ಚು, ಮುಂದೆ ಹೋಗಬೇಡ ಅಂತ. ಚಪ್ಪರದಲ್ಲಿ ಕೈಗೆಟುಕದಷ್ಟು ದೂರ ಕೂತಿದ್ದರೆ ತನ್ನ ಮಂಡಿಯನ್ನೇ ಹಾಗೆ ತಟ್ಟಿಕೊಳ್ಳುತ್ತಿದ್ದಳು, ನಾವು ಅಲ್ಲೇ ನಿಲ್ಲುತ್ತಿದ್ದೆವು. ನೋಡಿದವರು ತಾಳ ಅಂದುಕೊಳ್ಳಬೇಕು, ಹಾಗೆ. ನನ್ನ ಸೀರೆಯ ಮಂಡಿಯ ಜಾಗ ಅವರೆಕಾಯಿ ಮುಗಿಯುವ ತನಕ ಒಣಗುತ್ತಲೇ ಇರಲಿಲ್ಲ. ಅಷ್ಟು ಏಟು ತಿಂದಿದ್ದೇನೆ.

ಆ ಹಾಡುಗಳಲ್ಲಿ ಧಾರೆಯ ಹಾಡು ಒಂದಿತ್ತು. ಧಾರೆಗೆ ಕೈಯೊಡ್ಡಿ ನಿಂತವನು ಯಾರು ಎಂದು ಹಾಡು ಕೇಳುತ್ತದೆ. ಯಾರ ಮಗ, ಯಾವ ಊರಿನವನು ಎಂದು ಸುತ್ತಿ ಬಳಸಿ ಕೇಳಿ, ಕೊನೆಗೆ ತಾನೇ ಮದುಮಗನ ಹೆಸರು ಹೇಳುತ್ತದೆ. ಹೆಣ್ಣಿನ ಹೆಸರು ಮಾತ್ರ ಅದರಲ್ಲಿ ಎಲ್ಲೂ ಇಲ್ಲ, ಅವಳು ಬರೀ ಮಗಳು. ಅದಕ್ಕೂ ನಾನು ಒಂದು ಸಲ ಅಕ್ಕನ ಹತ್ತಿರ ಜಗಳ ತೆಗೆದಿದ್ದೆ. ಪಡಸಾಲೆಯಲ್ಲಿ ಹಾಡುವಾಗ ಹೆಸರಿನ ಜಾಗ ಬಂದರೆ ಅಕ್ಕ ಬರೀ ‘ಊಂ ಊಂ’ ಅಂತ ಗುನುಗಿ ದಾಟುತ್ತಿದ್ದಳು. ಹೊಸದರಲ್ಲಿ ನಾನು ಸುಮ್ಮನೆ ನನ್ನ ಗಂಡನ ಹೆಸರು ತುರುಕಿದೆ. ಎರಡು ಏಟು ಬಿತ್ತು.

‘ಅಲ್ಲಿ ಯಾರ ಹೆಸರೂ ಇಕ್ಕಬ್ಯಾಡ ಕಣೇ,’ ಅಂದಳು. ‘ಅದು ಮಣೆ. ಮಣೆ ಖಾಲಿ ಇರ್ಬೇಕು. ಬಂದೋನು ಕೂತ್ಕತಾನೆ.’

ಮದುವೆಯ ದಿನ ಅವಳು ಹೆಣ್ಣಿನ ತಾಯಿಯನ್ನು ಮೂಲೆಗೆ ಕರೆದು ಗಂಡಿನ ಹೆಸರು ಕೇಳುತ್ತಿದ್ದಳು. ಗೊತ್ತಿದ್ದರೂ ಕೇಳುತ್ತಿದ್ದಳು. ಅದನ್ನು ಬಾಯಲ್ಲಿ ಹೊರಳಿಸಿ, ಉದ್ದದ ಹೆಸರಾದರೆ ಮಡಚಿ, ಗಿಡ್ಡ ಹೆಸರಾದರೆ ಎಳೆದು ನಮ್ಮೆಲ್ಲರ ಕಿವಿಗೆ ಒಂದೊಂದು ಸಲ ಹಾಕಿ ಆಮೇಲೆ ಕೂರುತ್ತಿದ್ದಳು.

ನನ್ನ ಮಗಳು ಬೆಳೆದದ್ದು ಹೆಚ್ಚಾಗಿ ಅವಳ ಮಡಿಲಲ್ಲೇ. ಕಂಠ ನನ್ನದೇ ಬಂದಿದೆ, ಪಾಪ. ಹಾಡು ಹತ್ತಲಿಲ್ಲ, ಏಟು ಮಾತ್ರ ಚೆನ್ನಾಗಿ ಹತ್ತಿತು. ಚಿಕ್ಕವಳಿದ್ದಾಗ ಹಟ್ಟಿಯ ಕರು ಕೂಗಿದರೆ ಹೋಗಿ ಅದರ ಮಂಡಿಗೂ ಪಟಪಟ ಎರಡು ಕೊಟ್ಟು ‘ನಿಲ್ಸು’ ಅನ್ನುತ್ತಿದ್ದಳು. ಅಕ್ಕನಿಗೆ ನಕ್ಕು ನಕ್ಕು ಸಾಕಾಗುತ್ತಿತ್ತು.

ಮಗಳ ಮೊದಲ ಮದುವೆ ಬೇಲೂರಿನ ಹುಡುಗನ ಜೊತೆ ಆಯಿತು. ಒಳ್ಳೆಯವನು. ಹುಣಸೆಹುಳಿ ಕಚ್ಚಿದ ಹಾಗೆ ಮುಖ ಮಾಡಿಕೊಂಡಿರುವ ನನ್ನನ್ನೂ ನಗಿಸುತ್ತಿದ್ದ. ಆ ಮದುವೆಯಲ್ಲಿ ಅಕ್ಕ ಹಾಡಿದ ಹಾಗೆ ಅವಳು ಮತ್ತೆಂದೂ ಹಾಡಲಿಲ್ಲ. ಅವಳ ಸೊಸೆ ಎದುರಿಗೆ ಕೂತು ಮೊಬೈಲಿನಲ್ಲಿ ಅಷ್ಟನ್ನೂ ಹಿಡಿದುಕೊಂಡಳು. ಧಾರೆಯ ಹಾಡಿನ ಮಣೆಯ ಮೇಲೆ ನನ್ನ ಅಳಿಯನ ಹೆಸರು ಕೂತಿತು. ಎಳೆದು, ತೂಗಿ, ಎಷ್ಟು ಮುದ್ದಾಗಿ ಹಾಡಿದ್ದಳೆಂದರೆ ಹುಡುಗ ನಾಚಿ ತಲೆ ತಗ್ಗಿಸಿದ್ದ.

ಎರಡು ಮೂರು ವರ್ಷ ಕಳೆದಿರಬೇಕು. ಒಂದು ಸಂಜೆ ಬೈಕಿನಲ್ಲಿ ಮನೆಗೆ ಬರುತ್ತಿದ್ದವನು ಬರಲೇ ಇಲ್ಲ. ಅದರ ಬಗ್ಗೆ ನಾನು ಇನ್ನೇನೂ ಬರೆಯಲಾರೆ. ಮಗಳು ಬೇಲೂರಿನಲ್ಲೇ ತನ್ನ ಶಾಲೆಯ ಕೆಲಸ ಹಿಡಿದುಕೊಂಡು ಉಳಿದಳು. ಮಾರನೆಯ ವರ್ಷ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗಡೆ ಬಿದ್ದುಹೋಯಿತು, ಮಾತೂ ಹೋಯಿತು. ಅಷ್ಟು ಹಾಡಿದ ಬಾಯಿಂದ ಈಗ ‘ಆ... ಆ...’ ಅನ್ನುವುದೊಂದೇ ಹೊರಡುತ್ತದೆ. ದೇವರು ಅನ್ನುವವನ ಮೇಲೆ ನನಗೆ ಆ ಎರಡು ವರ್ಷ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಅಕ್ಕನ ಸೊಸೆ ಚುರುಕಿನವಳು. ಅತ್ತೆಯ ಹಾಡು ಅತ್ತೆಯ ಜೊತೆಗೇ ಹೋಗಬಾರದು ಅಂತ ಮೊಬೈಲಿನಲ್ಲಿ ಒಂದು ಗ್ರೂಪು ಮಾಡಿದಳು. ಮದುವೆಯಲ್ಲಿ ಹಿಡಿದಿದ್ದ ಹಾಡುಗಳನ್ನು ತುಂಡು ತುಂಡು ಮಾಡಿ ದಿನಕ್ಕೊಂದು ಹಾಕಿದಳು. ಓಣಿಗೆ ಹೊಸದಾಗಿ ಬಂದ ಸೊಸೆಯಂದಿರು, ಅವರ ತಂಗಿಯರು, ಎಲ್ಲೆಲ್ಲಿಯವರೋ ಸೇರಿಕೊಂಡರು. ಆಮೇಲೆ ಒಂದು ಚಾನೆಲ್ಲೂ ಆಯಿತು. ಕೆಳಗೆ ಕೈಮುಗಿದ ಚಿತ್ರ, ಕೆಂಪು ಹೃದಯ, ‘ಸೂಪರ್ ಅಕ್ಕ’, ‘ನಮ್ಮ ಸಂಪ್ರದಾಯ ಉಳಿಸಿದ್ರಿ’. ನನ್ನನ್ನೂ ಸೇರಿಸಿದ್ದಳು. ಆ ಮದುವೆಯ ಚಪ್ಪರದ ಗದ್ದಲ ಕೇಳಲು ನನ್ನಿಂದ ಆಗಲಿಲ್ಲ. ಒಂದೇ ಹಾಡು ಕೇಳಿ, ಪೂರ್ತಿಯೂ ಕೇಳದೆ, ಗ್ರೂಪಿನಿಂದ ಹೊರಗೆ ಬಂದೆ.

ಸುಮ್ಮನೆ ಬೈಯುವವಳಲ್ಲ ನಾನು. ಒಂದು ಮಧ್ಯಾಹ್ನ ಅಕ್ಕನ ಕೋಣೆಗೆ ಹೋದಾಗ ಸೊಸೆ ಅವಳ ಕಿವಿಯ ಹತ್ತಿರ ಮೊಬೈಲು ಇಟ್ಟಿದ್ದಳು. ಅಕ್ಕ ತನ್ನದೇ ದನಿಯನ್ನು ಕೇಳುತ್ತ ಕಣ್ಣು ಮುಚ್ಚಿದ್ದಳು. ಎಡಗೈ ಹೊದಿಕೆಯ ಮೇಲೆ ನಿಧಾನಕ್ಕೆ ಆಡುತ್ತಿತ್ತು. ಆ ದನಿ ಈ ಭೂಮಿಯ ಮೇಲೆ ಎಲ್ಲಾದರೂ ಉಳಿದಿದ್ದರೆ ಅದು ಆ ಮೊಬೈಲಿನಲ್ಲಿ ಮಾತ್ರ. ನಾನು ಹೊಸ್ತಿಲಲ್ಲೇ ನಿಂತು ಅತ್ತುಬಿಟ್ಟೆ.

ಆದರೂ ಒಂದು ಮಾತು ನನ್ನನ್ನು ಕೊರೆಯುತ್ತಲೇ ಇತ್ತು. ಓಣಿಯಲ್ಲಿ ಹೋಗುವಾಗ ಒಬ್ಬೊಬ್ಬಳು ಅವಳವಳ ಅಡುಗೆಮನೆಯಲ್ಲಿ ಕಿವಿಗೆ ವೈರು ಸಿಕ್ಕಿಸಿಕೊಂಡು ಗುನುಗುವುದು ಕೇಳಿಸುತ್ತಿತ್ತು. ಅಕ್ಕನ ಎಳೆತ, ಅಕ್ಕ ಉಸಿರು ತೆಗೆದುಕೊಳ್ಳುವ ಜಾಗ, ಒಂದು ಕಡೆ ಅವಳು ಕೆಮ್ಮಿದ್ದಳಂತೆ, ಆ ಕೆಮ್ಮಿನ ತಡೆ ಕೂಡ ಹಾಗೇ ಬಂದಿತ್ತು. ಆದರೆ ಯಾರೂ ಯಾರ ಮುಂದೆಯೂ ಹಾಡುತ್ತಿರಲಿಲ್ಲ.

‘ಒಂದು ದಿನ ಎಲ್ಲಾರೂ ಅಕ್ಕನ ಕೋಣೇಲಿ ಕೂತ್ಕಂಡು ಹಾಡ್ರೇ,’ ಅಂದೆ ಸೊಸೆಗೆ.

‘ಎಲ್ರಿಗೂ ಬಾಯಿಪಾಠ ಆಗೈತೆ ಚಿಕ್ಕತ್ತೆ,’ ಅಂದಳು. ‘ಯಾರ್ಗೂ ಒಟ್ಟಿಗೆ ಟೈಮ್ ಸಿಗಲ್ಲ. ಅವರವರಿಗೆ ಬಿಡುವಾದಾಗ ಕೇಳ್ಕಂತಾರೆ. ಅದೇ ಅಲ್ವ ಇದರ ಅನುಕೂಲ?’

ಅನುಕೂಲ ಅಂತೂ ಹೌದು.

ಈ ನಡುವೆ ಮಗಳಿಗೆ ಇನ್ನೊಂದು ಸಂಬಂಧ ಬಂತು. ಹಳೇಬೀಡಿನ ಆಚೆ, ಹುಲಿಕೆರೆ ದಾರಿಯಲ್ಲಿ ಊರು. ರಾಗಿ, ತೆಂಗು ಇರುವ ಮನೆ. ಹುಡುಗ ಅವಳ ಶಾಲೆಯಲ್ಲೇ ಕೆಲಸ ಮಾಡುತ್ತಿದ್ದವನು, ಅವಳನ್ನು ಬಲ್ಲವನು. ವರ್ಷಗಟ್ಟಲೆ ಬೇಡ ಬೇಡ ಅಂದವಳು ಕೊನೆಗೆ ಹೂಂ ಅಂದಳು. ಬೇಲೂರಿನ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಬಸ್ಸು ಹತ್ತಿಸಲು ಬಂದಾಗ ನನ್ನ ಕೈ ಹಿಡಿದು ಒಂದು ಮಾತು ಹೇಳಿದಳು.

‘ಅಮ್ಮ, ಅವತ್ತು ಒಂದಿನ ಯಾರೂ ಅವರ ಹೆಸರು ಎತ್ತಬಾರದು. ನಾನು ಅವರನ್ನ ಮರೆತಿಲ್ಲ, ಮರೆಯೋದೂ ಇಲ್ಲ. ಆದ್ರೆ ಅವತ್ತು ಆ ಹೆಸರು ಕಿವಿಗೆ ಬಿದ್ರೆ ಇನ್ನೊಬ್ಬರ ಕೈ ಹಿಡಿಯೋಕೆ ನನ್ನ ಕೈಲಿ ಆಗಲ್ಲ. ಇಷ್ಟು ಮಾಡ್ತೀಯಾ?’

‘ಅದೇನು ದೊಡ್ಡ ವಿಷಯ, ಬಿಡು,’ ಅಂದೆ.

ಊರಿಗೆ ಬಂದವಳು ನೆಂಟರ ಮನೆಮನೆಗೂ ಹೋದೆ. ಪಾಪ ಆ ಹುಡುಗ ಇದ್ದಿದ್ದರೆ ಅಂತ ಕಣ್ಣೀರು ಹಾಕುವ ಚಾಳಿಯವರಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದೆ, ಅಳುವುದಿದ್ದರೆ ಇವತ್ತೇ ಅತ್ತು ಮುಗಿಸಿ, ಅಲ್ಲಿ ಬಂದು ಬಾಯಿ ಬಿಟ್ಟರೆ ಎಬ್ಬಿಸಿ ಕಳಿಸುತ್ತೇನೆ ಅಂತ. ಪುರೋಹಿತರಿಗೂ ಹೇಳಿದೆ. ನನ್ನ ಗಂಡನಿಗೆ ದಿನಾ ಹೇಳಿದೆ. ‘ಆಯ್ತು ಮಾರಾಯ್ತಿ, ನನ್ನ ಬಾಯಿಗೆ ಬೀಗ ಹಾಕ್ಕಂಡಿದೀನಿ’ ಅಂತ ಅವರು ರೇಗಿದರು. ಹೀಗೆ ಎಲ್ಲರ ಬಾಯಿಗೂ ಬೀಗ ಹಾಕಿಸಿದೆ. ಮೊಬೈಲಿನಲ್ಲಿ ಆ ಹೆಸರು ಇನ್ನೂ ಹಾಡುತ್ತ ಕೂತಿದೆ ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಮದುವೆ ಮಾಲೇಕಲ್ಲಿನ ಬೆಟ್ಟದ ಬುಡದ ಒಂದು ಚಿಕ್ಕ ಛತ್ರದಲ್ಲಿ. ಎರಡೂ ಕಡೆಯ ಹತ್ತಿರದವರು ಮಾತ್ರ. ಅಕ್ಕನನ್ನು ಕಾರಿನಲ್ಲಿ ಕರೆತಂದು ಮುಂದಿನ ಸಾಲಿನಲ್ಲಿ ಕುರ್ಚಿಯ ಮೇಲೆ ಕೂರಿಸಿದ್ದರು. ಹಾಡುವ ಹುಡುಗಿಯರು ಒಂದೇ ಬಣ್ಣದ ಸೀರೆ ಉಟ್ಟು ಒಂದು ಪಕ್ಕ ಕೂತಿದ್ದರು. ಅವರಲ್ಲಿ ಯಾರೂ ನನ್ನ ಮೊದಲ ಅಳಿಯನನ್ನು ಕಂಡವರಲ್ಲ. ಅವನು ಹೋದ ಮೇಲೆ ಓಣಿಗೆ ಬಂದವರು, ಇಲ್ಲವೇ ಬೇರೆ ಊರಿನವರು. ಅವನನ್ನು ಬಲ್ಲ ಅಕ್ಕನ ಸೊಸೆ ಹಾಡಲು ಕೂತಿರಲಿಲ್ಲ, ಮಂಟಪದ ಎದುರು ಮೊಬೈಲು ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದಳು.

ಧಾರೆಗೆ ನಾನೂ ನನ್ನ ಗಂಡನೂ ನಿಂತೆವು. ಹುಡುಗನ ಕೈಮೇಲೆ ಮಗಳ ಕೈ, ಅದರ ಮೇಲೆ ತೆಂಗಿನಕಾಯಿ. ಗಿಂಡಿ ನನ್ನ ಕೈಯಲ್ಲಿತ್ತು. ಮಂತ್ರ ಮುಗಿಯುವ ತನಕ ಧಾರೆ ಕಡಿಯಬಾರದು, ಸಣ್ಣಗೆ ಬೀಳುತ್ತಲೇ ಇರಬೇಕು. ಮಗಳ ಮುಖ ನೋಡಿದೆ. ಎಷ್ಟೋ ವರ್ಷದ ಮೇಲೆ ಅವಳ ಹಣೆ ಗಂಟಿಲ್ಲದೆ ಸಮನಾಗಿತ್ತು.

ಹುಡುಗಿಯರು ಧಾರೆಯ ಹಾಡು ಎತ್ತಿಕೊಂಡರು. ಚೆನ್ನಾಗಿಯೇ ಹಾಡಿದರು, ಸುಳ್ಳು ಯಾಕೆ ಹೇಳಲಿ. ಇಬ್ಬರು ಮುಂದೆ ಹೇಳುವುದು, ಉಳಿದವರು ಸೊಲ್ಲು ಹಿಡಿಯುವುದು. ಕೈಯೊಡ್ಡಿ ನಿಂತವನು ಯಾರು, ಯಾರ ಮಗ, ಯಾವ ಊರಿನವನು ಅಂತ ಹಾಡು ಕೇಳತೊಡಗಿತು. ಆಗ ಪಟಪಟ ಅಂತ ಸದ್ದು ಬಂತು.

ಅಕ್ಕ ಎಡಗೈಯಿಂದ ತನ್ನ ಮಂಡಿ ತಟ್ಟುತ್ತಿದ್ದಳು. ಎರಡು ಏಟು, ಒಂದು ತಡೆ. ಎರಡು ಏಟು, ಒಂದು ತಡೆ. ಮುಖ ಕೆಂಪಾಗಿತ್ತು, ಬಾಯಿ ತೆರೆದುಕೊಂಡಿತ್ತು, ‘ಆ... ಆ...’ ಹೊರಡುತ್ತಿತ್ತು. ಹುಡುಗಿಯರು ಅವಳ ಕಡೆ ತಿರುಗಿದರು. ಅವರಲ್ಲೊಬ್ಬಳು ಪಕ್ಕದವಳನ್ನು ತಿವಿದು, ‘ನೋಡ್ರೇ, ದೊಡ್ಡವ್ವ ತಾಳ ಹಾಕ್ತಾವ್ರೆ!’ ಅಂದಳು. ಎಲ್ಲರ ಮುಖ ಅರಳಿತು. ದನಿ ಇನ್ನೂ ಏರಿಸಿದರು.

ಆ ಏಟು ಯಾಕೆ ಅನ್ನುವುದು ತಲೆಗೆ ಹೋಗುವ ಮೊದಲೇ ನನ್ನ ಬಾಯಿ ಮುಚ್ಚಿಕೊಂಡಿತ್ತು, ಅಭ್ಯಾಸ ಹಾಗಿತ್ತು. ಆಮೇಲೆ ಹೊಳೆಯಿತು. ಅಯ್ಯೋ ಶಿವನೇ, ಮಣೆ! ಗಿಂಡಿ ಬಿಸಾಡಿ ಓಡಿಬಿಡಲೇ ಅನ್ನಿಸಿತು. ಧಾರೆ ಕಡಿದರೆ? ಮಗಳ ಈ ಮದುವೆಗೂ ಒಂದು ಅಪಶಕುನ ನನ್ನ ಕೈಯಿಂದಲೇ ಆದರೆ? ನೀರು ಬೀಳುತ್ತಲೇ ಇತ್ತು, ಅಷ್ಟರಲ್ಲಿ ಮುಂದಿನ ಇಬ್ಬರು ಮೊದಲ ಅಳಿಯನ ಹೆಸರನ್ನೇ ಹೇಳಿಬಿಟ್ಟರು. ಅಕ್ಕ ಹೇಳಿದ್ದ ಹಾಗೇ, ಎಳೆದು, ತೂಗಿ, ಮುದ್ದಾಗಿ.

ಕಾಯಿಯ ಕೆಳಗೆ ಮಗಳ ಕೈ ಹಿಂದಕ್ಕೆ ಜಾರಿದ್ದು ನನಗೆ ಕಾಣಿಸಿತು.

ಇನ್ನು ಸೊಲ್ಲು ಬರಬೇಕು. ಅದೇ ಹೆಸರನ್ನು ಗುಂಪೆಲ್ಲ ಸೇರಿ ಇನ್ನೊಮ್ಮೆ ಹೇಳಬೇಕು. ನಡುವೆ ಒಂದು ಉಸಿರಿನಷ್ಟು ಜಾಗ ಇರುತ್ತದೆ. ಸೊಲ್ಲು ಹಿಡಿಯುವುದೇ ನನ್ನ ಜನ್ಮದ ಕೆಲಸವಾಗಿತ್ತಲ್ಲ, ಆ ಜಾಗ ನನಗೆ ಗೊತ್ತು. ಧಾರೆ ಎರೆಯುತ್ತಲೇ ಬಾಯಿ ತೆರೆದು, ಇದ್ದಬದ್ದ ದನಿಯನ್ನೆಲ್ಲ ಹಾಕಿ, ಹೊಸ ಅಳಿಯನ ಹೆಸರು ಹಾಡಿದೆ. ನನ್ನ ಜೊತೆ ಯಾರಾದರೂ ಬರುತ್ತಾರೆ ಅಂದುಕೊಂಡೆ. ಪಡಸಾಲೆಯಲ್ಲಿ ಹಾಗೇ ಆಗುತ್ತಿತ್ತು, ಒಬ್ಬಳು ಬದಲಿಸಿದರೆ ಉಳಿದವರು ಅವಳ ಮುಖ ನೋಡಿ ಅರ್ಧ ಸಾಲಿನಲ್ಲೇ ಬದಲಾಗುತ್ತಿದ್ದರು. ಇವರು ಯಾರ ಮುಖವನ್ನೂ ನೋಡಿ ಕಲಿತವರಲ್ಲ. ಕಲಿತದ್ದನ್ನೇ ಹಾಡಿದರು. ನನ್ನ ಒಡಕು ಗಂಟಲಿನಲ್ಲಿ ಒಂದು ಹೆಸರು, ಅವರೆಲ್ಲರ ಇಂಪಾದ ಗಂಟಲಿನಲ್ಲಿ ಇನ್ನೊಂದು ಹೆಸರು. ಗೆದ್ದದ್ದು ಅವರೇ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಮದುವೆ ನಿಲ್ಲಲಿಲ್ಲ. ಹೊಸ ಅಳಿಯ ಮಗಳ ಮುಖ ನೋಡಿ, ಅವಳ ಕೈ ಜಾರದ ಹಾಗೆ ತನ್ನ ಇನ್ನೊಂದು ಕೈಯನ್ನು ಕೆಳಗೆ ಕೊಟ್ಟು ನಿಂತ. ತಾಳಿ ಕಟ್ಟಿದ್ದಾಯಿತು, ಅಕ್ಷತೆ ಬಿತ್ತು. ಮಗಳು ಒಂದು ಹನಿ ಕಣ್ಣೀರು ಹಾಕಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆಯಾದದ್ದು. ಕಾರು ಹತ್ತುವಾಗ ಎಲ್ಲರನ್ನೂ ತಬ್ಬಿಕೊಂಡಳು. ದೊಡ್ಡಮ್ಮನ ಮಂಡಿಯ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಿದ್ದಳು. ನನ್ನ ಕಡೆ ನೋಡದೆ ‘ಬರ್ತೀನಿ’ ಅಂದಳು.

ಮನೆಗೆ ಬಂದ ಮೇಲೆ ನನ್ನ ಬಾಯಿ ಬಿಚ್ಚಿತು. ಆ ಹುಡುಗಿಯರಲ್ಲೊಬ್ಬಳು ಅಳುತ್ತ ಹೇಳಿದಳು, ‘ಅದು ಹಾಡಿನೊಳಗಿರೋ ಯಾವನೋ ರಾಜನ ಹೆಸರು ಅಂದ್ಕಂಡಿದ್ವಿ ಕಣವ್ವ. ಬದಲಾಯಿಸ್ಬೇಕು ಅಂತ ನಮಗ್ಯಾರು ಹೇಳ್ಕೊಟ್ರು?’ ನಿಜ, ಯಾರು ಹೇಳಿಕೊಟ್ಟರು? ಅಕ್ಕನ ಸೊಸೆಯನ್ನು ಮಾತ್ರ ನಾನು ಬಿಡಲಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ.

‘ನಾನೇ ಕಟ್ ಮಾಡಿ ಹಾಕಿದ್ದು ಚಿಕ್ಕತ್ತೆ,’ ಅಂದಳು, ಮುಖ ಊದಿಕೊಂಡಿತ್ತು. ‘ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ. ಕೇಳಿ ಕೇಳಿ ಅದು ಹೆಸರು ಅಂತ ಕಿವಿಗೆ ಬೀಳದೇ ಹೋಯ್ತು. ಅತ್ತೆಗೆ ಹೇಳೋಕೆ ಬಾಯಿಲ್ಲ. ನೀವು ಗ್ರೂಪಿಂದ ಹೊರಗೋದ್ರಿ. ನಮ್ಮ ಹಾಡು ಕೇಳಿಸ್ಕಳೋರು ಯಾರಿದ್ರು ಹೇಳಿ?’

ಆ ಮಾತಿಗೆ ನನ್ನ ಸಿಟ್ಟು ಸರ್ರನೆ ಇಳಿಯಿತು. ಅವಳ ಗ್ರೂಪಿನಲ್ಲಿ ಅಷ್ಟು ಜನ ಇದ್ದರು. ಎಲ್ಲರೂ ಅಕ್ಕನ ಹಾಡು ಕೇಳಿದರು, ಅವರು ಹಾಡಿದ್ದನ್ನು ಯಾರೂ ಕೇಳಲಿಲ್ಲ. ಮೊಬೈಲು ಎಷ್ಟು ಸಲ ಬೇಕಾದರೂ ಹಾಡುತ್ತದೆ, ಬೇಸರವಿಲ್ಲ, ಬೈಗುಳವಿಲ್ಲ. ಆದರೆ ನಮ್ಮ ಬಾಯಿಂದ ಏನು ಹೊರಡುತ್ತಿದೆ ಅಂತ ಅದು ಕಿವಿಗೊಡುವುದಿಲ್ಲ. ಒಂದೇ ಒಂದು ಮಧ್ಯಾಹ್ನ ಅವರು ಅಕ್ಕನ ಮಂಚದ ಸುತ್ತ ಕೂತು ಹಾಡಿದ್ದರೆ, ಮಾತಿಲ್ಲದ ಅಕ್ಕ ಅಲ್ಲೇ, ಆ ಜಾಗದಲ್ಲೇ, ಯಾವಳಾದರೊಬ್ಬಳ ಮಂಡಿಗೆ ಎರಡು ಬಿಗಿಯುತ್ತಿದ್ದಳು. ಅಷ್ಟೇ ಆಗಬೇಕಿದ್ದದ್ದು.

ಸೊಸೆ ನನ್ನ ಕಣ್ಣೆದುರೇ ಎಲ್ಲ ಅಳಿಸಿದಳು. ಗ್ರೂಪಿನದು, ಚಾನೆಲ್ಲಿನದು, ಮದುವೆಯ ವಿಡಿಯೋ, ಎಲ್ಲ. ‘ಇಳಿಸ್ಕಂಡೋರ ಹತ್ರ ಇರ್ತದೆ ಚಿಕ್ಕತ್ತೆ, ಅವರು ಇನ್ಯಾರಿಗೋ ಕಳಿಸಿರ್ತಾರೆ. ಅದನ್ನ ನಾನು ಏನ್ ಮಾಡ್ಲಿ?’ ಅಂದಳು. ಅಕ್ಕನಿಗೆ ಕೇಳಿಸಲು ಒಂದೇ ಒಂದನ್ನು ತನ್ನ ಮೊಬೈಲಿನಲ್ಲಿ ಉಳಿಸಿಕೊಳ್ಳಲೇ ಅಂತ ಕೇಳಿದಳು. ಇಟ್ಟುಕೋ ಅಂದೆ.

ಮಗಳು ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ತೋಟದ ಮಾತು, ಶಾಲೆಯ ಮಾತು, ಅತ್ತೆಯ ಮಂಡಿನೋವಿನ ಮಾತು. ಆ ದಿನದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳು ಕೇಳಿದ್ದು ಒಂದೇ ಒಂದು, ಅದನ್ನು ನನ್ನಿಂದ ನಡೆಸಿಕೊಡಲಾಗಲಿಲ್ಲ.

ಕಳೆದ ಭಾನುವಾರ ಮತ್ತೆ ಫೋನು ಮಾಡಿದಳು.

‘ಅಮ್ಮ, ಇವತ್ತು ಹಳೇಬೀಡಲ್ಲಿ ಒಂದು ಮದುವೆಗೆ ಹೋಗಿದ್ದೆ,’ ಅಂದಳು. ‘ನಮಗೂ ಅವರಿಗೂ ಗುರುತೇ ಇಲ್ಲ, ಇವರ ಸ್ನೇಹಿತರ ಕಡೆಯವರು. ಧಾರೆ ಹೊತ್ತಿಗೆ ಹೆಂಗಸರು ಹಾಡೋಕೆ ಶುರು ಮಾಡಿದ್ರು. ದೊಡ್ಡಮ್ಮನ ಹಾಡೇ. ಆ ಕೆಮ್ಮಿನ ಜಾಗಾನೂ ಹಾಗೇ ಇತ್ತು.’

‘ಹೆಸರು?’ ಅಂದೆ.

‘ಅವರದ್ದೇ ಅಮ್ಮ, ಹೋದವರದ್ದು. ಯಾರೋ ಹುಡುಗಿ, ಯಾರೋ ಹುಡುಗ, ಹಾಡಲ್ಲಿ ಮಾತ್ರ ಅವರು. ಅಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ,’ ಅಂದಳು. ‘ಹೆಸರು ಬರೋಕೆ ಮುಂಚೆ ನಾನು ಮಂಡಿ ತಟ್ಟಿದೆ. ದೊಡ್ಡಮ್ಮ ತಟ್ಟೋ ಹಾಗೇ, ಎರಡೆರಡು ಏಟು, ಕೈ ಉರಿಯೋ ಹಾಗೆ ತಟ್ಟಿದೆ. ಪಕ್ಕದಲ್ಲಿದ್ದವರು ನನ್ನ ನೋಡಿ ನಕ್ಕು, ಅವರೂ ಚಪ್ಪಾಳೆ ಹಾಕೋಕೆ ಶುರು ಮಾಡಿದ್ರು.’